ಅಣ್ಣನ ಗುಳಿಗೆ ತಡೆಯುತ್ತಿರುವುದು ಏನನ್ನು?

ಪ್ರಶ್ನೆ: ಸರ್, ನಾನು ಕಲಬುರಗಿಯೊಳಗ ಬಿ.ಎಸ್ಸಿ. ಕೊನೇ ವರ್ಷ ಓದ್ಲಿಕತ್ತೀನಿ. ಊರು ಆಳಂದ ತಾಲೂಕು. ಎರಡು ವರ್ಷದ ಹಿಂದ ನಮ್ಮ ಅಣ್ಣಗ ಸಿಎಂಎಲ್ ಅಂತ ರಕ್ತದ ಕ್ಯಾನ್ಸರ್ ಗೊತ್ತಾತು. ದಿನಾ ಒಂದು ಇಮ್ಯಾಟಿನಿಬ್ ಗುಳಿಗಿ ನಡದದ. "ಇದು ಟೈರೋಸೀನ್ ಕೈನೇಸ್ ತಡೀತದ" ಅಂತ ಡಾಕ್ಟರ್ ಹೇಳ್ಯಾರ. ನಮ್ಮ ಪುಸ್ತಕದಾಗ ಕೈನೇಸ್ ಅಂದ್ರ ಪ್ರೋಟೀನಿಗೆ ಫಾಸ್ಫೇಟ್ ಹಚ್ಚೋ ಕಿಣ್ವ, ಹಚ್ಚಿದ್ರ ಪ್ರೋಟೀನ್ ಚಾಲೂ ಆಗ್ತದ ಅಂತ ಎರಡು ಸಾಲು ಅದ, ಅಷ್ಟೇ. ಇಷ್ಟು ಸಣ್ಣದರಿಂದ ಕ್ಯಾನ್ಸರ್ ಹ್ಯಾಂಗ ಬರ್ತದ್ರಿ? ಈಗ ಅಣ್ಣ ಆರಾಮ ಅದಾನ, ಹೊಲಕ್ಕ ಹೋಗ್ತಾನ. "ರಿಪೋರ್ಟ್ ಚೊಲೋ ಬಂದದ, ಇನ್ಯಾಕ ಗುಳಿಗಿ" ಅಂತ ನಡುನಡುವೆ ಬಿಡ್ತಾನ. ಅವಗ ಏನು ಹೇಳ್ಲಿ? ಮುಂದ ನನಗೂ ಈ ರೋಗ ಬರ್ತದೇನ್ರಿ?

ಉತ್ತರ: ತಂಗಿ, ನಿನ್ನ ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಅವು ತಡ ಮಾಡುವಂಥವಲ್ಲ.

ಅಣ್ಣ ಗುಳಿಗೆ ಬಿಡಬಾರದು. ರಿಪೋರ್ಟ್ ಚೊಲೋ ಬಂದಿರುವುದೇ ಗುಳಿಗೆಯಿಂದ. ರೋಗದ ಬೇರು ಇನ್ನೂ ಮೂಳೆಯ ಮಜ್ಜೆಯಲ್ಲಿದೆ. ಇನ್ನು ನಿನ್ನ ವಿಷಯ: ಸಿಎಂಎಲ್ ವಂಶದಿಂದ ಬರುವ ರೋಗವಲ್ಲ. ಅದಕ್ಕೆ ಕಾರಣವಾದ ಬದಲಾವಣೆ ನಿಮ್ಮಣ್ಣ ಹುಟ್ಟಿ ಎಷ್ಟೋ ಕಾಲವಾದ ಮೇಲೆ ಅವನ ಮಜ್ಜೆಯ ಒಂದೇ ಒಂದು ಜೀವಕೋಶದಲ್ಲಿ ಆಯಿತು. ಈಗ ಇರುವುದು ಆ ಕೋಶದ ಸಂತಾನದಲ್ಲಿ ಮಾತ್ರ. ಅವನಿಂದ ನಿನಗೆ ಬರುವುದಿಲ್ಲ, ಅವನ ಮಕ್ಕಳಿಗೂ ಹೋಗುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೆ ಅಂಟುವುದೂ ಇಲ್ಲ. ನಿನ್ನ ಮದುವೆಯ ಮಾತು ಬಂದಾಗ ಯಾರಾದರೂ ಇದನ್ನು ಎತ್ತಿದರೆ ಧೈರ್ಯವಾಗಿ ಹೀಗೆಯೇ ಹೇಳು.

ನಾನು ಜೀವರಸಾಯನಶಾಸ್ತ್ರ ಕಲಿಸುವವನು. ಗುಳಿಗೆಯ ಪ್ರಮಾಣ, ಬದಲಾವಣೆ ಇವುಗಳಲ್ಲಿ ನಿಮ್ಮ ಡಾಕ್ಟರರ ಮಾತೇ ಕೊನೆ. ಆದರೆ ಗುಳಿಗೆ ಯಾಕೆ ಬಿಡಬಾರದು ಎಂಬುದಕ್ಕೆ ಉತ್ತರ ನಿನ್ನ ಪುಸ್ತಕದ ಆ ಎರಡು ಸಾಲಿನ ಸುತ್ತಲೇ ಇದೆ. ಆ ಸಾಲುಗಳಲ್ಲಿ ಅರ್ಧ ಸತ್ಯ ಮಾತ್ರ ಇರುವುದರಿಂದ ನಿನಗೆ ಗೊಂದಲವಾಗಿದೆ.

"ಇಷ್ಟು ಸಣ್ಣದು" ಎಂದು ಕೇಳಿದ್ದೀ. ಸಣ್ಣದು ಹೌದು. ಒಂದು ರಂಜಕದ ಪರಮಾಣು, ಅದರ ಸುತ್ತ ಆಮ್ಲಜನಕ. ಅದು ಸೇರಿದರೆ ಪ್ರೋಟೀನಿನ ತೂಕ ಸುಮಾರು 80 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚುತ್ತದೆ. ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಒಡೆಯುವ ಗ್ಲೈಕೋಜನ್ ಫಾಸ್ಫಾರಿಲೇಸ್ ಎಂಬ ಕಿಣ್ವದ ಒಂದು ಘಟಕದ ತೂಕ ಸುಮಾರು 97,000 ಡಾಲ್ಟನ್. ಅಂದರೆ ಸಾವಿರಕ್ಕೆ ಒಂದು ಪಾಲೂ ಹೆಚ್ಚಲಿಲ್ಲ. ಆದರೂ ಅದರ 14ನೇ ಸ್ಥಾನದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಕೂತ ಕೂಡಲೇ ಆ ಕಿಣ್ವದ ನಡತೆಯೇ ಬದಲಾಗುತ್ತದೆ. ಕಾರಣ ವಿದ್ಯುದಾವೇಶ. ಸೆರೀನಿನ ಕೊನೆಯಲ್ಲಿದ್ದ ಹೈಡ್ರಾಕ್ಸಿಲ್ ಗುಂಪಿಗೆ ಆವೇಶವೇ ಇರಲಿಲ್ಲ. ಅಲ್ಲಿ ಫಾಸ್ಫೇಟ್ ಕೂತರೆ ಎರಡು ಋಣ ಆವೇಶಗಳು ಒಂದೇ ಜಾಗದಲ್ಲಿ ಬಂದು ನಿಲ್ಲುತ್ತವೆ. ಸುತ್ತಮುತ್ತ ಧನ ಆವೇಶವಿರುವ ಆರ್ಜಿನೀನ್, ಲೈಸೀನ್‌ಗಳು ಅದರತ್ತ ಎಳೆಯಲ್ಪಡುತ್ತವೆ, ಋಣ ಆವೇಶದವು ದೂರ ಸರಿಯುತ್ತವೆ, ಇಡೀ ಸರಪಳಿ ಹೊಸದಾಗಿ ಮಡಚಿಕೊಳ್ಳುತ್ತದೆ. ಮುಚ್ಚಿದ್ದ ಸಂದು ತೆರೆಯಬಹುದು, ತೆರೆದಿದ್ದದ್ದು ಮುಚ್ಚಬಹುದು. ಇನ್ನೊಂದು ಪರಿಣಾಮ ಇದಕ್ಕಿಂತ ಮುಖ್ಯ: ಫಾಸ್ಫೇಟ್ ಕೂತ ಜಾಗವನ್ನೇ ಹುಡುಕಿ ಹಿಡಿಯುವ ಬೇರೆ ಪ್ರೋಟೀನುಗಳಿವೆ. ಅವು ಬಂದು ಅಂಟಿಕೊಂಡರೆ ಕೋಶದೊಳಗೆ ಹೊಸ ಗುಂಪೊಂದು ಕಟ್ಟಿಕೊಂಡು ಸುದ್ದಿ ಮುಂದಕ್ಕೆ ಹೋಗುತ್ತದೆ. ಕ್ಯಾನ್ಸರಿನ ಕಡೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಫಾಸ್ಫೇಟ್ ಕೊಡುವುದು ಎಟಿಪಿ, ಮೂರು ಫಾಸ್ಫೇಟ್ ಇರುವ, ಕೋಶಕ್ಕೆ ಶಕ್ತಿ ಒದಗಿಸುವ ಅಣು. ಅದರ ಮೂರನೆಯ ಫಾಸ್ಫೇಟನ್ನು ಕಿತ್ತು ಪ್ರೋಟೀನಿಗೆ ಕೂಡಿಸುವುದು ಕೈನೇಸ್. ಮನುಷ್ಯನ ಜೀನೋಮಿನಲ್ಲಿ ಇಂಥ 518 ಕೈನೇಸ್‌ಗಳಿವೆ ಎಂದು 2002ರಲ್ಲಿ ಪಟ್ಟಿ ಮಾಡಿದರು. ಅವು ಫಾಸ್ಫೇಟ್ ಕೂಡಿಸುವುದು ಮುಖ್ಯವಾಗಿ ಸೆರೀನ್, ಥ್ರಿಯೋನೀನ್, ಟೈರೋಸೀನ್ ಎಂಬ ಮೂರು ಅಮೈನೋ ಆಮ್ಲಗಳ ಮೇಲೆ. 2006ರಲ್ಲಿ ಮನುಷ್ಯ ಕೋಶಗಳಲ್ಲಿ ಸಾವಿರಾರು ತಾಣಗಳನ್ನು ಅಳೆದು ನೋಡಿದಾಗ ನೂರಕ್ಕೆ ಸುಮಾರು 86 ಸೆರೀನ್, 12 ಥ್ರಿಯೋನೀನ್, ಬರೀ 2 ಟೈರೋಸೀನ್ ಎಂದು ಕಂಡಿತು. ನಿಮ್ಮಣ್ಣನ ರೋಗ ಇರುವುದು ಆ ಎರಡರೊಳಗೆ.

ಈಗ ಪುಸ್ತಕ ಬಿಟ್ಟ ಅರ್ಧ. ಕೂಡಿಸಿದ ಫಾಸ್ಫೇಟನ್ನು ತೆಗೆಯುವ ಕಿಣ್ವಗಳೂ ಇವೆ, ಅವೇ ಫಾಸ್ಫಟೇಸ್‌ಗಳು. ಕೋಶದಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಒಂದು ಕಡೆ ಕೂಡಿಸುವ ಕೆಲಸ, ಇನ್ನೊಂದು ಕಡೆ ತೆಗೆಯುವ ಕೆಲಸ ನಡೆದೇ ಇರುತ್ತದೆ. ಒಂದು ಪ್ರೋಟೀನಿನ ಮೇಲೆ ಫಾಸ್ಫೇಟ್ ಇದೆಯೋ ಇಲ್ಲವೋ ಎಂಬುದು ಈ ಎರಡು ಕೆಲಸಗಳಲ್ಲಿ ಆ ಹೊತ್ತಿಗೆ ಯಾವುದರ ಕೈ ಮೇಲಾಗಿದೆ ಎಂಬುದರ ಮೇಲೆ ನಿಂತಿದೆ. ನಾನು ತರಗತಿಯಲ್ಲಿ ಕೈನೇಸಿಗೆ ಕೊಡುವಷ್ಟೇ ಹೊತ್ತನ್ನು ಫಾಸ್ಫಟೇಸಿಗೂ ಕೊಡುತ್ತೇನೆ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬರುವುದು ಅಪರೂಪ, ಆದರೂ ಅದನ್ನು ಬಿಟ್ಟರೆ ಈ ವಿಷಯ ಅರ್ಥವೇ ಆಗುವುದಿಲ್ಲ.

"ಹಚ್ಚಿದರೆ ಚಾಲೂ" ಎಂಬ ಮಾತು ಎಲ್ಲಿಂದ ಬಂತೆಂದರೆ, ಮೊದಲು ಸಿಕ್ಕ ಉದಾಹರಣೆ ಹಾಗಿತ್ತು. ಕಾರ್ಲ್ ಕೋರಿ, ಗರ್ಟಿ ಕೋರಿ ದಂಪತಿ ಗ್ಲೈಕೋಜನ್ ಫಾಸ್ಫಾರಿಲೇಸಿಗೆ ಎರಡು ರೂಪಗಳಿವೆ ಎಂದು ತೋರಿಸಿದ್ದರು. ಗ್ಲೈಕೋಜನ್ ಬಗೆಗಿನ ಕೆಲಸಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ರೂಪ ಇನ್ನೊಂದಾಗುವುದು ಹೇಗೆಂಬುದು ಮಾತ್ರ ತಿಳಿದಿರಲಿಲ್ಲ. 1950ರ ದಶಕದ ನಡುವೆ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಇದನ್ನು ಕೈಗೆತ್ತಿಕೊಂಡರು. ಸ್ನಾಯುವಿನ ರಸವನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಚಟುವಟಿಕೆಯ ರೂಪ ಸಿಗುತ್ತಿತ್ತು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಸಿಗುತ್ತಿರಲಿಲ್ಲ. ಬೆನ್ನು ಹತ್ತಿ ಹುಡುಕಿದಾಗ ಪೇಪರಿನಲ್ಲಿ ಸೇರಿಕೊಂಡಿದ್ದ ಚೂರು ಕ್ಯಾಲ್ಸಿಯಂ ಕಾರಣವೆಂದು ತಿಳಿಯಿತು. ಆ ಕ್ಯಾಲ್ಸಿಯಂ ರಸದಲ್ಲಿದ್ದ ಕೈನೇಸನ್ನು ಎಬ್ಬಿಸುತ್ತಿತ್ತು, ಅದು ಎಟಿಪಿಯಿಂದ ಫಾಸ್ಫೇಟ್ ತೆಗೆದು ಫಾಸ್ಫಾರಿಲೇಸಿಗೆ ಕೂಡಿಸುತ್ತಿತ್ತು. ಪ್ರೋಟೀನಿಗೆ ಫಾಸ್ಫೇಟ್ ಕೂಡಿಸಿ ತೆಗೆಯುವುದೇ ಜೀವಕೋಶದ ಒಂದು ನಿಯಂತ್ರಣ ವಿಧಾನ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. 1992ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಪ್ರಯೋಗ ಎರಡು ಸಲ ಮಾಡಿ ಬೇರೆ ಬೇರೆ ಫಲಿತಾಂಶ ಬಂದರೆ ಚೊಲೋ ಬಂದದ್ದನ್ನಷ್ಟೇ ರೆಕಾರ್ಡಿನಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ನಾನು ಈ ಪ್ರಸಂಗ ಹೇಳುತ್ತೇನೆ.

ಆದರೆ ಅದೇ ಸ್ನಾಯುವಿನಲ್ಲಿ ಇನ್ನೊಂದು ಕಿಣ್ವ ನೋಡು. ನಿಮ್ಮಣ್ಣ ಹೊಲದಲ್ಲಿ ಹಾವು ಕಂಡು ಓಡಿದ ಎನ್ನು. ಅಡ್ರಿನಲಿನ್ ಏರುತ್ತದೆ, ಸ್ನಾಯುಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಒಯ್ಯುವ ಸಣ್ಣ ಅಣು ಹೆಚ್ಚುತ್ತದೆ, ಅದು ಒಂದು ಕೈನೇಸನ್ನು ಎಬ್ಬಿಸುತ್ತದೆ, ಆ ಕೈನೇಸ್ ಇನ್ನೊಂದನ್ನು, ಅದು ಫಾಸ್ಫಾರಿಲೇಸನ್ನು. ಗ್ಲೈಕೋಜನ್ ಒಡೆದು ಓಡುವುದಕ್ಕೆ ಇಂಧನ ಸಿಗುತ್ತದೆ. ಅದೇ ಹೊತ್ತಿಗೆ ಗ್ಲೈಕೋಜನ್ ಕಟ್ಟುವ ಸಿಂಥೇಸ್ ಕಿಣ್ವದ ಮೇಲೂ ಫಾಸ್ಫೇಟ್ ಕೂರುತ್ತದೆ, ಕೂತು ಅದನ್ನು ನಿಲ್ಲಿಸುತ್ತದೆ. ಒಡೆಯುವುದೂ ಕಟ್ಟುವುದೂ ಒಟ್ಟಿಗೆ ನಡೆದರೆ ಇಂಧನ ದಂಡ. ಹಾಗಾಗಿ ಅದೇ ಫಾಸ್ಫೇಟ್ ಒಂದನ್ನು ಚಾಲೂ ಮಾಡಿತು, ಇನ್ನೊಂದನ್ನು ಬಂದ್ ಮಾಡಿತು. ಹಾವು ಹೋಯಿತು, ಅವನು ಮನೆಗೆ ಬಂದು ರೊಟ್ಟಿ ಪಲ್ಯ ಉಂಡ. ಇನ್ಸುಲಿನ್ ಏರಿತು. ಈಗ ಫಾಸ್ಫಟೇಸ್ ಬಂದು ಎರಡರ ಮೇಲಿನ ಫಾಸ್ಫೇಟನ್ನೂ ತೆಗೆಯುತ್ತದೆ, ಒಡೆಯುವುದು ನಿಂತು ಕಟ್ಟುವುದು ಶುರು. ಇನ್ಸುಲಿನ್ನಿನ ಗ್ರಾಹಕವೇ, ಅಂದರೆ ಇನ್ಸುಲಿನ್ ಬಂದು ಅಂಟುವ ಪ್ರೋಟೀನೇ, ಒಂದು ಟೈರೋಸೀನ್ ಕೈನೇಸ್ ಎಂಬುದು 1982ರಲ್ಲಿ ಗೊತ್ತಾಯಿತು. ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಗ್ರಾಹಕದ ಮುಂದಿನ ಕೊಂಡಿಯಾದ ಐಆರ್‌ಎಸ್-1 ಎಂಬ ಪ್ರೋಟೀನಿನ ಮೇಲೆ ಟೈರೋಸೀನಿನ ಬದಲು ಕೆಲವು ಸೆರೀನ್‌ಗಳ ಮೇಲೆ ಫಾಸ್ಫೇಟ್ ಜಾಸ್ತಿ ಕೂತು ಇನ್ಸುಲಿನ್ನಿನ ಸುದ್ದಿ ಮಂಕಾಗುತ್ತದೆ. ಅಂದರೆ ಒಂದೇ ಪ್ರೋಟೀನಿನ ಮೇಲೂ ಫಾಸ್ಫೇಟ್ ಎಲ್ಲಿ ಕೂತಿತು ಎಂಬುದರ ಮೇಲೆ ಫಲ ಬೇರೆ.

ಫಾಸ್ಫಟೇಸಿನ ಮಹತ್ವ ನೋಡಬೇಕೆಂದರೆ ನಿಮ್ಮ ತೊಗರಿ ಹೊಲಕ್ಕೇ ಹೋಗೋಣ. ನಮ್ಮ ಕಡೆ ತೊಗರಿ ಮುಂಗಾರಿನಲ್ಲಿ ಬಿತ್ತಿದ್ದು, ಮಳೆ ಹಿಂದೆ ಸರಿದ ಮೇಲೆ ಕರಿಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಹೂವು ಕಾಯಿ ಮಾಡಬೇಕು. ಮಣ್ಣು ಬಿರಿಯತೊಡಗಿದಾಗ ಗಿಡ ತನ್ನ ಎಲೆಯ ಪತ್ರರಂಧ್ರಗಳನ್ನು ಮುಚ್ಚಿ ನೀರು ಉಳಿಸಿಕೊಳ್ಳುತ್ತದೆ. ಮುಚ್ಚು ಎಂದು ಹೇಳುವುದು ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು. ನೀರು ಸಾಕಷ್ಟಿದ್ದಾಗ ಒಂದು ಫಾಸ್ಫಟೇಸ್ ಒಂದು ಕೈನೇಸಿನ ಮೇಲಿನ ಫಾಸ್ಫೇಟನ್ನು ಕೀಳುತ್ತಾ ಅದನ್ನು ಸುಮ್ಮನೆ ಕೂರಿಸಿರುತ್ತದೆ. ನೀರು ಕಡಿಮೆಯಾದಾಗ ಹಾರ್ಮೋನು ತನ್ನ ಗ್ರಾಹಕವನ್ನು ಹಿಡಿಯುತ್ತದೆ, ಆ ಗ್ರಾಹಕ ಹೋಗಿ ಫಾಸ್ಫಟೇಸಿನ ಬಾಯಿಗೆ ಅಡ್ಡ ಕೂರುತ್ತದೆ. ತಡೆ ಹೋದ ಕೈನೇಸ್ ಪತ್ರರಂಧ್ರದ ಅಕ್ಕಪಕ್ಕದ ಕಾವಲು ಕೋಶದ ಪೊರೆಯಲ್ಲಿರುವ ಒಂದು ಕಾಲುವೆ ಪ್ರೋಟೀನಿಗೆ ಫಾಸ್ಫೇಟ್ ಕೂಡಿಸುತ್ತದೆ, ಅಯಾನುಗಳು ಹೊರಗೆ ಹರಿಯುತ್ತವೆ, ಕೋಶ ಸೊರಗುತ್ತದೆ, ರಂಧ್ರ ಮುಚ್ಚುತ್ತದೆ. ಆ ಗ್ರಾಹಕ ಯಾವುದೆಂದು 2009ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲಿ ಕಂಡುಹಿಡಿದರು. ಹೂ ಬಿಡುವ ಗಿಡಗಳಲ್ಲೆಲ್ಲ ಮೂಲ ಏರ್ಪಾಡು ಇದೇ. ಗಮನಿಸು, ಇಲ್ಲಿ ಚಾಲೂ ಮಾಡಿದ್ದು ಹೊಸದಾಗಿ ಕೂಡಿಸಿದ್ದರಿಂದಲ್ಲ, ತೆಗೆಯುವುದನ್ನು ನಿಲ್ಲಿಸಿದ್ದರಿಂದ. ಕಿಡ್ನಿ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕೂಡ ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸನ್ನು ತಡೆದೇ ಕಸಿಯನ್ನು ಕಾಪಾಡುತ್ತವೆ.

ಹೀಗೆ ಎರಡೂ ಕೈಗಳು ಸರಿಯಾಗಿ ನಡೆದರೆ ಕೋಶ ಬೆಳೆಯಬೇಕಾದಾಗ ಬೆಳೆಯುತ್ತದೆ, ನಿಲ್ಲಬೇಕಾದಾಗ ನಿಲ್ಲುತ್ತದೆ, ಒಡೆದು ಎರಡಾಗಬೇಕಾದಾಗ ಎರಡಾಗುತ್ತದೆ. ಒಂದು ಕೈ ನಿಲ್ಲದೆ ಹೋದರೆ ರೋಗ. ಆಲ್ಜೈಮರ್‌ನಲ್ಲಿ ಮಿದುಳಿನ ಟಾವ್ ಪ್ರೋಟೀನಿನ ಮೇಲೆ ಫಾಸ್ಫೇಟ್ ಅತಿಯಾಗಿ ಕೂತು, ಅದು ತಾನು ಹಿಡಿದು ನಿಲ್ಲಿಸಬೇಕಾದ ನರಕೋಶದ ನಾಳಗಳನ್ನು ಬಿಟ್ಟು ಗಂಟುಗಂಟಾಗುತ್ತದೆ. ಆದರೆ ನಿನಗೆ ಬೇಕಾದದ್ದು ಕ್ಯಾನ್ಸರ್.

ಟೈರೋಸೀನಿಗೂ ಫಾಸ್ಫೇಟ್ ಕೂರುತ್ತದೆ ಎಂಬುದೇ 1979ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅದನ್ನು ಕಂಡರು. ಅಮೈನೋ ಆಮ್ಲಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಲು ಅವರು ಬಳಸಿದ ಬಫರ್ ದ್ರಾವಣ ಹಳೆಯದಾಗಿ ಅದರ ಪಿಎಚ್ (ಆಮ್ಲೀಯತೆಯ ಅಳತೆ) ಚೂರು ಇಳಿದಿತ್ತು. ಹೊಸ ಬಫರಾಗಿದ್ದರೆ ಟೈರೋಸೀನಿನ ಚುಕ್ಕೆ ಥ್ರಿಯೋನೀನಿನ ಚುಕ್ಕೆಯ ಜೊತೆ ಕೂಡಿಹೋಗಿ ಕಾಣುತ್ತಲೇ ಇರಲಿಲ್ಲ. ಟೈರೋಸೀನಿಗೆ ಹೀಗೆ ಫಾಸ್ಫೇಟ್ ಕೂಡಿಸುವವುಗಳಲ್ಲಿ ಒಂದು ಸಾರ್ಕ್ ಎಂಬ ಪ್ರೋಟೀನು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯಲ್ಲಿ ಕಂಡ ವೈರಸ್ಸು ಅದನ್ನೇ ಹೊತ್ತು ತರುತ್ತಿತ್ತು. ಕೋಳಿಯ ಸ್ವಂತ ಸಾರ್ಕ್‌ನಲ್ಲಿ 527ನೇ ಟೈರೋಸೀನಿಗೆ ಫಾಸ್ಫೇಟ್ ಕೂತರೆ ಅದು ಬಂದ್, 416ನೇದಕ್ಕೆ ಕೂತರೆ ಚಾಲೂ. ವೈರಸ್ಸಿನ ಸಾರ್ಕ್‌ನಲ್ಲಿ 527ನೇ ಟೈರೋಸೀನಿರುವ ತುದಿಯೇ ಇಲ್ಲ. ಬಂದ್ ಮಾಡುವ ಜಾಗವೇ ಹೋದ ಕೈನೇಸ್ ನಿಲ್ಲುವುದು ಹೇಗೆ?

ನಿಮ್ಮಣ್ಣನ ಮಜ್ಜೆಯಲ್ಲಿ ಆದದ್ದೂ ಇದೇ ಬಗೆಯದು. ಅಲ್ಲಿ ರಕ್ತಕಣಗಳನ್ನು ಹುಟ್ಟಿಸುವ ಒಂದು ಮೂಲಕೋಶದಲ್ಲಿ 9ನೇ ಮತ್ತು 22ನೇ ಕ್ರೋಮೊಸೋಮುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡವು. ಗಿಡ್ಡಾದ 22ನೇ ಕ್ರೋಮೊಸೋಮನ್ನು 1960ರಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫರ್ಡ್ ಕಂಡರು. ಊರಿನ ಹೆಸರಿನಿಂದ ಅದಕ್ಕೆ ಫಿಲಡೆಲ್ಫಿಯಾ ಕ್ರೋಮೊಸೋಮ್ ಎಂದರು. ಅದು ತುಂಡು ಬದಲಾದದ್ದರಿಂದ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಅಣ್ಣನ ಮೊದಲ ಫೈಲು ತೆಗೆದು ನೋಡು, ಈ ಹೆಸರು ಅಥವಾ ಬಿಸಿಆರ್-ಎಬಿಎಲ್ ಎಂಬ ಹೆಸರು ಇದ್ದೇ ಇರುತ್ತದೆ.

ಎಬಿಎಲ್ ನಮ್ಮೆಲ್ಲರ ಕೋಶಗಳಲ್ಲಿರುವ ಟೈರೋಸೀನ್ ಕೈನೇಸ್. ಅದರ ತಲೆಯ ತುದಿಯಲ್ಲಿ ಒಂದು ಕೊಬ್ಬಿನ ಬಾಲವಿರುತ್ತದೆ, ಅದು ಮಡಚಿಕೊಂಡು ಅದೇ ಪ್ರೋಟೀನಿನ ಒಂದು ಗುಳಿಯಲ್ಲಿ ಹೋಗಿ ಕೂರುತ್ತದೆ. ಹಾಗೆ ಕೂತಿರುವವರೆಗೆ ಕೈನೇಸ್ ಸುಮ್ಮನಿರುತ್ತದೆ. ಕ್ರೋಮೊಸೋಮು ಮುರಿದಾಗ ಆ ತಲೆಯ ತುದಿ ಕಳೆದುಹೋಗಿ ಅದರ ಜಾಗಕ್ಕೆ ಬಿಸಿಆರ್ ಎಂಬ ಬೇರೊಂದು ಪ್ರೋಟೀನಿನ ತುಂಡು ಬಂದು ಅಂಟಿತು. ಬಿಸಿಆರ್ ತುಂಡಿಗೆ ತನ್ನಂಥದ್ದನ್ನೇ ಹಿಡಿದು ಗುಂಪಾಗುವ ಗುಣವಿದೆ. ಗುಂಪಾದ ಎಬಿಎಲ್‌ಗಳು ಒಂದರ ಮೇಲೊಂದು ಫಾಸ್ಫೇಟ್ ಕೂಡಿಸಿ ಪರಸ್ಪರ ಎಬ್ಬಿಸುತ್ತವೆ. ಕೆರೆಯ ತೂಬು ತೆರೆದೇ ಸಿಕ್ಕಿಕೊಂಡಂತೆ: ನೀರು ಒಳ್ಳೆಯದೇ, ಹೊಲಕ್ಕೆ ಬೇಕಾದದ್ದೇ, ಮುಚ್ಚಲಾಗದ್ದರಿಂದ ಬೆಳೆ ಮುಳುಗುತ್ತದೆ.

ಮೊದಲು ಹೇಳಿದೆನಲ್ಲ, ಫಾಸ್ಫೇಟ್ ಕೂತ ಜಾಗವನ್ನು ಹುಡುಕಿ ಹಿಡಿಯುವ ಪ್ರೋಟೀನುಗಳಿವೆ ಎಂದು. ಬಿಸಿಆರ್ ತುಂಡಿನ 177ನೇ ಟೈರೋಸೀನಿಗೆ ಫಾಸ್ಫೇಟ್ ಕೂತೊಡನೆ ಗ್ರಬ್2 ಎಂಬ ಪ್ರೋಟೀನು ಬಂದು ಹಿಡಿಯುತ್ತದೆ. ಅಲ್ಲಿಂದ ರಾಸ್ ಎಂಬುದರ ದಾರಿಯಾಗಿ "ಒಡೆದು ಎರಡಾಗು" ಎಂಬ ಸುದ್ದಿ ಹೊರಡುತ್ತದೆ. ಸ್ಟ್ಯಾಟ್5 ಎಂಬ ಇನ್ನೊಂದು ಪ್ರೋಟೀನು ಫಾಸ್ಫೇಟ್ ಹೊತ್ತು ಕೋಶಕೇಂದ್ರಕ್ಕೆ ಹೋಗಿ "ಸಾಯಬೇಡ" ಎಂಬ ಜೀನುಗಳನ್ನು ಎಬ್ಬಿಸುತ್ತದೆ. ಸಾಮಾನ್ಯ ಬಿಳಿಕಣಕ್ಕೆ ಈ ಸುದ್ದಿ ಬೆಳವಣಿಗೆಗೆ ಹೇಳುವ ಹೊರಗಿನ ಪ್ರೋಟೀನುಗಳಿಂದ ಬರಬೇಕು, ಬಂದು ಸ್ವಲ್ಪ ಹೊತ್ತಿಗೆ ಫಾಸ್ಫಟೇಸ್‌ಗಳು ಅಳಿಸಿಹಾಕಬೇಕು. ಇಲ್ಲಿ ಹೊರಗಿನಿಂದ ಯಾರೂ ಹೇಳದೆಯೇ ಹಗಲೂ ರಾತ್ರಿ ಅದೇ ಸುದ್ದಿ. ಫಾಸ್ಫಟೇಸ್‌ಗಳು ಅಳಿಸುತ್ತಲೇ ಇರುತ್ತವೆ, ಅಳಿಸಿದಷ್ಟಕ್ಕಿಂತ ಹೆಚ್ಚು ಬರೆಯಲಾಗುತ್ತಿರುತ್ತದೆ. ಬಿಳಿಕಣಗಳು ಲಕ್ಷ ದಾಟುತ್ತವೆ, ಗುಲ್ಮ ಬಾತು ಹೊಟ್ಟೆಯ ಎಡಭಾಗ ಭಾರವಾಗುತ್ತದೆ, ಮೈ ತೂಕ ಇಳಿಯುತ್ತದೆ. ಆಗ ಮನೆಯವರು ದವಾಖಾನೆಗೆ ಕರೆದೊಯ್ಯುತ್ತಾರೆ. ನಮ್ಮ ದೇಶದಲ್ಲಿ ಈ ರೋಗ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ, ದುಡಿಯುವ ಪ್ರಾಯದಲ್ಲಿಯೇ ಹೆಚ್ಚು ಕಾಣುತ್ತದೆ.

ಇಮ್ಯಾಟಿನಿಬ್ ಏನು ಮಾಡುತ್ತದೆ? ಎಬಿಎಲ್‌ನಲ್ಲಿ ಎಟಿಪಿ ಬಂದು ಕೂರುವ ಒಂದು ಸಂದು ಇದೆ. ಕೈನೇಸ್ ಚಾಲೂ ಮತ್ತು ಬಂದ್ ರೂಪಗಳ ನಡುವೆ ಓಲಾಡುತ್ತಿರುವಾಗ, ಬಂದ್ ರೂಪಕ್ಕೆ ಬಂದ ಕ್ಷಣದಲ್ಲಿ ಇಮ್ಯಾಟಿನಿಬ್ ಆ ಸಂದಿನೊಳಗೆ ಹೊಕ್ಕು ಅದನ್ನು ಹಾಗೆಯೇ ಹಿಡಿದು ನಿಲ್ಲಿಸುತ್ತದೆ. ಎಟಿಪಿಗೆ ಜಾಗವಿಲ್ಲ, ಫಾಸ್ಫೇಟ್ ಇಲ್ಲ, ಸುದ್ದಿ ಇಲ್ಲ. ಆಗ ಫಾಸ್ಫಟೇಸ್‌ಗಳ ಕೈ ಮೇಲಾಗುತ್ತದೆ, ಅವು ಹಳೆಯ ಫಾಸ್ಫೇಟನ್ನೆಲ್ಲ ಅಳಿಸುತ್ತವೆ, ಆ ಸುದ್ದಿಯ ಮೇಲೆಯೇ ಬದುಕುತ್ತಿದ್ದ ಕೋಶಗಳು ಸಾಯುತ್ತವೆ. ಸಿಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲಿಡನ್ ಮತ್ತವರ ಸಂಗಡಿಗರು ತಯಾರಿಸಿದ ಇದನ್ನು ಅಮೆರಿಕದ ಒರೆಗಾನ್‌ನಲ್ಲಿ ಬ್ರಯಾನ್ ಡ್ರುಕರ್ 1998ರಿಂದ ರೋಗಿಗಳ ಮೇಲೆ ಪರೀಕ್ಷಿಸಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಮಂದಿಯಲ್ಲಿ 53 ಮಂದಿಯ ರಕ್ತದ ಎಣಿಕೆ ಸರಿಹೋಯಿತು. 2001ರ ಮೇನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹತ್ತು ವರ್ಷದ ಮೇಲೆ ನೋಡಿದಾಗ ಇಮ್ಯಾಟಿನಿಬ್‌ನಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ ನೂರಕ್ಕೆ 83 ಮಂದಿ ಬದುಕಿದ್ದರು. ಅದಕ್ಕೂ ಮೊದಲು ಈ ರೋಗ ಬಂದವರು ಕೆಲವೇ ವರ್ಷಗಳಲ್ಲಿ ತೀರಿಹೋಗುವುದೇ ಸಾಮಾನ್ಯವಾಗಿತ್ತು. ಪೂರ್ತಿ ಗುಣವಾಗಲು ಮಜ್ಜೆಯ ಕಸಿಯೊಂದೇ ದಾರಿ, ಅದು ಎಲ್ಲರಿಗೂ ಎಟುಕುತ್ತಿರಲಿಲ್ಲ. ನಮ್ಮಲ್ಲಿ ಈ ಗುಳಿಗೆ ಬಡವರ ಕೈಗೆ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವಿದೆ: 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಇದರ ಹೊಸ ಸ್ಫಟಿಕ ರೂಪಕ್ಕೆ ಪೇಟೆಂಟ್ ಕೊಡಲಾಗದು ಎಂದು ತೀರ್ಪು ಕೊಟ್ಟಿತು. ಹಾಗಾಗಿ ನಮ್ಮ ದೇಶದ ಕಂಪನಿಗಳು ಮಾಡುವ ಅಗ್ಗದ ಗುಳಿಗೆ ಉಳಿಯಿತು.

ಈಗ ಅಣ್ಣನ ಮಾತಿಗೆ ಬರೋಣ. ಇಮ್ಯಾಟಿನಿಬ್ ಆ ಕೈನೇಸನ್ನು ನಾಶ ಮಾಡುವುದಿಲ್ಲ, ಮುರಿದ ಕ್ರೋಮೊಸೋಮನ್ನು ಜೋಡಿಸುವುದಿಲ್ಲ. ಸಂದಿನಲ್ಲಿ ಕೂತಿರುತ್ತದೆ, ಅಷ್ಟೇ, ಅದೂ ಕಾಯಂ ಆಗಿ ಅಲ್ಲ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 18 ಗಂಟೆ. ಒಂದು ದಿನ ಬಿಟ್ಟರೆ ಸಂದು ಖಾಲಿಯಾಗುತ್ತಾ ಹೋಗುತ್ತದೆ, ಎಟಿಪಿ ಕೋಶದಲ್ಲಿ ಯಾವಾಗಲೂ ತುಂಬಿರುತ್ತದೆ, ಅದು ಬಂದು ಕೂರುತ್ತದೆ, ಫಾಸ್ಫೇಟ್ ಕೂಡಿಸುವ ಕೆಲಸ ಮತ್ತೆ ಶುರು. ಇನ್ನೊಂದು ಕಷ್ಟದ ಸಂಗತಿ, ಮಜ್ಜೆಯಲ್ಲಿ ನಿದ್ದೆ ಹೋದಂತೆ ಕೂತಿರುವ ರೋಗದ ಮೂಲಕೋಶಗಳು ಈ ಸುದ್ದಿಯನ್ನೇ ನೆಚ್ಚಿಕೊಂಡಿಲ್ಲ, ಹಾಗಾಗಿ ಗುಳಿಗೆಗೆ ಅವು ಸಾಯುವುದಿಲ್ಲ. ರೋಗ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗದ ಕೋಶಗಳಿರುತ್ತವೆ ಎಂದು ಅಂದಾಜು. ರಕ್ತದಲ್ಲಿ ರೋಗದ ಜೀನಿನ ಗುರುತು ಅಳೆಯುವ ಪಿಸಿಆರ್ ಪರೀಕ್ಷೆಯ ರಿಪೋರ್ಟಿನಲ್ಲಿ ಬಿಸಿಆರ್-ಎಬಿಎಲ್ 0.1 ಪ್ರತಿಶತಕ್ಕೆ ಇಳಿದರೆ ಡಾಕ್ಟರು ಖುಷಿಪಡುತ್ತಾರೆ, ಪಡಬೇಕು. ಆದರೆ ಆಗಲೂ ಉಳಿದಿರುವುದು ನೂರು ಕೋಟಿಯ ಆಸುಪಾಸು. ಅಣ್ಣನಿಗೆ ಈ ಒಂದು ಲೆಕ್ಕ ಹೇಳು. "ರಿಪೋರ್ಟ್ ಚೊಲೋ" ಎಂದರೆ ಎಷ್ಟು ಕೋಶ ಉಳಿದಿವೆ ಎಂದು ಅವನಿಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ.

ಹತ್ತು ಗುಳಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿಸುವವರಲ್ಲಿ ಫಲ ಬಹಳ ಕೆಡುತ್ತದೆ ಎಂದು 2010ರ ಒಂದು ಅಧ್ಯಯನ ಸ್ಪಷ್ಟವಾಗಿ ತೋರಿಸಿದೆ. ಕೋಶಗಳು ಹೆಚ್ಚಿದಷ್ಟೂ ಅವುಗಳಲ್ಲಿ ಹೊಸ ಬದಲಾವಣೆಯಾಗುವ ಅವಕಾಶ ಹೆಚ್ಚು. ಎಬಿಎಲ್‌ನ 315ನೇ ಸ್ಥಾನದ ಥ್ರಿಯೋನೀನ್ ಹೋಗಿ ಐಸೋಲ್ಯೂಸೀನ್ ಬಂದರೆ ಆ ಸಂದಿನ ಬಾಯಿ ಇಕ್ಕಟ್ಟಾಗಿ ಇಮ್ಯಾಟಿನಿಬ್ ಒಳಗೆ ಹೋಗುವುದೇ ಇಲ್ಲ. ಇದೇ ಬಗೆಯ ಮುಂದಿನ ಗುಳಿಗೆಗಳಾದ ಡಾಸಟಿನಿಬ್, ನಿಲೋಟಿನಿಬ್‌ಗಳೂ ಅಲ್ಲಿ ಸೋಲುತ್ತವೆ. ಅಂಥ ಕಡೆ ಕೆಲಸ ಮಾಡುವ ಪೊನಾಟಿನಿಬ್ ಎಂಬ ಔಷಧಿ ಇದೆ. ಎಟಿಪಿಯ ಸಂದನ್ನು ಬಿಟ್ಟು, ಕಳೆದುಹೋದ ಕೊಬ್ಬಿನ ಬಾಲದ ಗುಳಿಯಲ್ಲೇ ಹೋಗಿ ಕೂರುವ ಆಸಿಮಿನಿಬ್ ಕೂಡ ಬಂದಿದೆ. ಸಹಜವಾದ ತಡೆಯನ್ನೇ ಔಷಧಿಯಿಂದ ಮರಳಿ ಕೂರಿಸಿದ ಈ ಕೆಲಸ ನನಗೆ ಬಹಳ ಮೆಚ್ಚುಗೆ. ಆದರೆ ಅವು ದುಬಾರಿ, ಅಲ್ಲಿಯವರೆಗೆ ಹೋಗದಿರುವುದೇ ಒಳ್ಳೆಯದು.

ಗುಳಿಗೆ ಜೀವನಪೂರ್ತಿಯೇ ಎಂದು ಅವನು ಕೇಳಬಹುದು. ಖಂಡಿತ ಹಾಗೆಂದೇ ಹೇಳಲಾಗದು. ಕನಿಷ್ಠ ಮೂರರಿಂದ ಐದು ವರ್ಷ ತಪ್ಪದೆ ತೆಗೆದುಕೊಂಡು, ಅದರಲ್ಲಿ ಎರಡು ವರ್ಷವಾದರೂ ಪಿಸಿಆರ್ 0.01 ಪ್ರತಿಶತ ಅಥವಾ ಅದಕ್ಕೂ ಕೆಳಗೆ ಇದ್ದವರಲ್ಲಿ ಡಾಕ್ಟರರ ಕಣ್ಗಾವಲಿನಲ್ಲಿ, ತಿಂಗಳು ತಿಂಗಳು ಪರೀಕ್ಷೆ ಮಾಡುತ್ತಾ ನಿಲ್ಲಿಸಿ ನೋಡುವ ಕ್ರಮ ಇದೆ. ನಿಲ್ಲಿಸಿದವರಲ್ಲಿ ಸುಮಾರು ಅರ್ಧ ಜನಕ್ಕೆ ರೋಗದ ಗುರುತು ಮರಳುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಮತ್ತೆ ಗುಳಿಗೆ ಶುರು ಮಾಡಿದರೆ ಹತೋಟಿಗೆ ಬರುತ್ತದೆ. ಈಗ ತಪ್ಪಿಸುವ ಪ್ರತಿಯೊಂದು ಗುಳಿಗೆ ಆ ದಿನವನ್ನು ದೂರ ತಳ್ಳುತ್ತದೆ.

ಅವನು ಯಾಕೆ ಬಿಡುತ್ತಾನೆ ಎಂದು ಸಿಟ್ಟಾಗದೆ ಕೇಳು. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದುವುದು, ರಾತ್ರಿ ಮೀನಖಂಡ ಹಿಡಿಯುವುದು, ಓಕರಿಕೆ, ಮೈಬಣ್ಣ ತಿಳಿಯಾಗುವುದು ಇವೆಲ್ಲ ಈ ಗುಳಿಗೆಯ ಜೊತೆ ಬರುತ್ತವೆ. ಕಿಟ್, ಪಿಡಿಜಿಎಫ್ ಗ್ರಾಹಕ ಎಂಬ ಬೇರೆ ಕೈನೇಸ್‌ಗಳ ಸಂದಿನಲ್ಲೂ ಇಮ್ಯಾಟಿನಿಬ್ ಹೋಗಿ ಕೂರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಮೈಬಣ್ಣದ ಕೋಶಗಳಿಗೆ ಕಿಟ್ ಬೇಕು. 500ಕ್ಕೂ ಮಿಕ್ಕ ಕೈನೇಸ್‌ಗಳನ್ನೆಲ್ಲ ತಡೆದರೆ ಹೃದಯದ ಬಡಿತದಿಂದ ಹಿಡಿದು ಯಾವುದೂ ನಡೆಯುವುದಿಲ್ಲ, ಅದಕ್ಕೇ ಕೆಲವೇ ಕೈನೇಸ್‌ಗಳನ್ನು ಹಿಡಿಯುವ ಔಷಧಿಗೆ ಇಷ್ಟು ಬೆಲೆ. ಈ ತೊಂದರೆಗಳಿಗೆ ಡಾಕ್ಟರರ ಬಳಿ ಪರಿಹಾರ ಇದೆ, ಹೇಳಿದರೆ ಮಾತ್ರ.

ಗುಳಿಗೆಯನ್ನು ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಂಡರೆ ಓಕರಿಕೆ ಕಡಿಮೆ. ಶ್ರಾವಣದ ಉಪವಾಸ ಅಥವಾ ರೋಜಾ ಎಂದು ಬಿಡುವವರನ್ನು ಕಂಡಿದ್ದೇನೆ. ಆ ದಿನಗಳಲ್ಲಿ ರಾತ್ರಿಯ ಊಟಕ್ಕೆ ಬದಲಿಸಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಲಿ, ಮರುದಿನ ಎರಡು ಒಟ್ಟಿಗೆ ಬೇಡ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟೋಯಿನ್ ಇಮ್ಯಾಟಿನಿಬ್‌ನ ಪ್ರಮಾಣವನ್ನು ರಕ್ತದಲ್ಲಿ ತುಂಬಾ ಇಳಿಸುತ್ತವೆ. ಬೇರೆ ಯಾವ ದವಾಖಾನೆಗೆ ಹೋದರೂ ಈ ಗುಳಿಗೆಯ ಹೆಸರು ಹೇಳಬೇಕು, ನಾಟಿ ಔಷಧಿ ಕೊಡುವವರಿಗೂ. ಚಕ್ಕೋತ ಮತ್ತು ಅದರ ಜಾತಿಯ ಗ್ರೇಪ್‌ಫ್ರೂಟ್ ಬೇಡ, ದ್ರಾಕ್ಷಿಗೆ ಅಡ್ಡಿಯಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯಲ್ಲಿ ಇನ್ನೂ ಹೆಚ್ಚು. ಡಬ್ಬಿಯ ಮೇಲೆ ಬರೆದ ತಾಪಮಾನ ನೋಡಿ, ಮಣ್ಣಿನ ಗೋಡೆಯ ತಂಪು ಗೂಡಿನಲ್ಲಿಡಿ.

ಮುಂದಿನ ಪಿಸಿಆರ್ ಯಾವಾಗ ಎಂದು ಕೇಳಿ, ಪ್ರತಿ ಸಲದ ಅಂಕಿಯನ್ನು ಒಂದೇ ವಹಿಯಲ್ಲಿ ನೀನೇ ಬರೆದಿಡು. "ಐಎಸ್" (ಅಂತರರಾಷ್ಟ್ರೀಯ ಮಾಪನ) ಎಂದು ಗುರುತಿರುವ ಅಂಕಿಯನ್ನೇ ಬರೆ, ಬೇರೆ ಬೇರೆ ಲ್ಯಾಬಿನವನ್ನು ಹೋಲಿಸಲು ಅದೊಂದೇ ಸರಿ. ಅಂಕಿ ಏರಿದ್ದರೆ ಡಾಕ್ಟರು ಮೊದಲು ಕೇಳುವುದು "ಎಷ್ಟು ದಿನ ಬಿಟ್ಟೆ" ಎಂದು. ಅಣ್ಣ ನಿಜ ಹೇಳಲಿ. ಬಿಟ್ಟದ್ದರಿಂದ ಏರಿದ್ದರೆ ಅದೇ ಗುಳಿಗೆಯನ್ನು ಸರಿಯಾಗಿ ತೆಗೆದುಕೊಂಡು ಮತ್ತೆ ನೋಡಬಹುದು. ದಿನಾ ತೆಗೆದುಕೊಂಡೆ ಎಂದು ಹೇಳಿದರೆ ಅವರು ಗುಳಿಗೆ ಸೋತಿತೆಂದು ತಿಳಿದು ಮ್ಯುಟೇಶನ್ ಪರೀಕ್ಷೆ ಬರೆಯುತ್ತಾರೆ, ದುಬಾರಿ ಔಷಧಿಗೆ ಬದಲಿಸುತ್ತಾರೆ, ಅದರ ಅಗತ್ಯವೇ ಇರದಿದ್ದರೂ.